ಉಪಗ್ರಹದ ಮೈಕ್ರೋವೇವ್ ತೇವಾಂಶ ಮಾಪಕದ ಕ್ಯಾಲಿಬ್ರೇಶನ್: ಕೌಂಟ್‌ನಿಂದ ಕೆಲ್ವಿನ್‌ವರೆಗೆ, ಮಲೆನಾಡಿನ ಮೇಲಿನ ಪರೀಕ್ಷೆಯವರೆಗೆ

ಮಲೆನಾಡಿನ ಮೇಲಿನ ಗಾಳಿಯ ತೇವಾಂಶವನ್ನು ಉಪಗ್ರಹದ ಡೇಟಾದಿಂದ ತೆಗೆಯಲು ಹೊರಟ ವಿದ್ಯಾರ್ಥಿಗಳ ಪ್ರಾಜೆಕ್ಟ್ ಹೆಚ್ಚಾಗಿ ಒಂದೇ ಜಾಗದಲ್ಲಿ ಕೆಡುತ್ತದೆ. ಫೈಲ್ ಇಳಿಸುತ್ತಾರೆ. ನೇರವಾಗಿ ಹವಾಮಾನ ಬಲೂನಿನ ಅಳತೆಯ ಪಕ್ಕ ಇಡುತ್ತಾರೆ. ಎರಡು ಮೂರು ಕೆಲ್ವಿನ್ ವ್ಯತ್ಯಾಸ ಕಂಡ ಕೂಡಲೇ 'ಮಾಪಕದ ಕ್ಯಾಲಿಬ್ರೇಶನ್ ಸರಿಯಿಲ್ಲ' ಎಂದು ಬರೆದುಬಿಡುತ್ತಾರೆ. ಆ ವ್ಯತ್ಯಾಸ ಮಾಪಕದ್ದೋ, ಬಲೂನಿನದ್ದೋ, ನಡುವೆ ಬಂದ ಮೋಡದ್ದೋ, ನಾವೇ ಬರೆದ ಕೋಡ್‌ನದ್ದೋ ಅಂತ ಹೇಳಲು ಅವರ ಕೈಲಿ ಏನೂ ಇರುವುದಿಲ್ಲ.

ಕೆಲಸ ಕೌಂಟ್‌ನಿಂದ, ಅಂದರೆ ಮಾಪಕ ಕಳಿಸಿದ ಕಚ್ಚಾ ಸಂಖ್ಯೆಯಿಂದ ಶುರುವಾಗಬೇಕು. ಆ ಸಂಖ್ಯೆಯನ್ನು ಸರಿಯಾದ ತಾಪಮಾನಕ್ಕೆ ಬದಲಿಸುವುದೇ ಕ್ಯಾಲಿಬ್ರೇಶನ್. ಹೋಲಿಕೆ ಕೊನೆಗೆ ಬರಬೇಕು. ಈ ಬರಹ ಆ ಕ್ರಮದಲ್ಲೇ ಹೋಗುತ್ತದೆ. ಉದಾಹರಣೆಗೆ ಎಂಎಚ್‌ಎಸ್ ಎಂಬ ಮೈಕ್ರೋವೇವ್ ತೇವಾಂಶ ಮಾಪಕವನ್ನು ಇಟ್ಟುಕೊಂಡಿದ್ದೇನೆ. ಯುರೋಪಿನ ಮೆಟಾಪ್ ಉಪಗ್ರಹಗಳಲ್ಲೂ ಅಮೆರಿಕದ ಎನ್‌ಒಎಎ-18, 19ರಲ್ಲೂ ಹೋದದ್ದು ಇದೇ. ಹೋಲಿಕೆಗೆ ಭಾರತ-ಫ್ರಾನ್ಸ್ ಉಪಗ್ರಹ ಮೇಘಾ-ಟ್ರಾಪಿಕ್ಸ್‌ನ ಸಾಫಿರ್ ಮಾಪಕ ಬರುತ್ತದೆ.

ಮೊದಲು ಕೈಲಿರಬೇಕಾದದ್ದು

ಸಾಧಾರಣ ಲ್ಯಾಪ್‌ಟಾಪ್ ಸಾಕು. ಪೈಥಾನ್, ನಂಪೈ, ಗ್ರಾಫ್ ಬರೆಯುವ ಲೈಬ್ರರಿ, ಎಚ್‌ಡಿಎಫ್5 ಮತ್ತು ನೆಟ್‌ಸಿಡಿಎಫ್ ಓದುವ ಲೈಬ್ರರಿ ಹಾಕಿಕೊಳ್ಳಿ. ಉಪಗ್ರಹ ಏನು ಕಾಣಬೇಕಿತ್ತು ಎಂದು ಲೆಕ್ಕ ಹಾಕಲು ಆರ್‌ಟಿಟಿಒವಿ ಮಾಡೆಲ್ ಬೇಕು. ಹೆಸರು ನೋಂದಾಯಿಸಿದರೆ ಉಚಿತವಾಗಿ ಸಿಗುತ್ತದೆ. ಇದು ಫೋರ್ಟ್ರಾನ್ ಪ್ರೋಗ್ರಾಂ. ಇನ್‌ಸ್ಟಾಲ್ ಮಾಡಲು ಒಂದಿಷ್ಟು ತಾಳ್ಮೆ ಬೇಕಾಗುತ್ತದೆ.

ಡೇಟಾ ಆರಿಸುವಾಗಲೇ ಅರ್ಧ ಜನ ತಪ್ಪುತ್ತಾರೆ. ಕ್ಯಾಲಿಬ್ರೇಶನ್ ಕಲಿಯಬೇಕಾದರೆ ಫೈಲ್‌ನಲ್ಲಿ ಕೌಂಟ್ ಇರಬೇಕು. ಎನ್‌ಒಎಎಯ 1ಬಿ ಫೈಲ್‌ಗಳಲ್ಲಿ ಭೂಮಿಯ ಕೌಂಟ್, ಆಕಾಶದ ಕೌಂಟ್, ಬಿಸಿ ಟಾರ್ಗೆಟ್‌ನ (ಉಪಗ್ರಹದೊಳಗೇ ಇರುವ, ತಾಪಮಾನ ಗೊತ್ತಿರುವ ವಸ್ತು) ಕೌಂಟ್ ಎಲ್ಲವೂ ಇರುತ್ತವೆ. ಇಸ್ರೋದ ಮೊಸ್‌ಡ್ಯಾಕ್ ಜಾಲತಾಣದಲ್ಲಿ ಸಿಗುವ ಸಾಫಿರ್ ಫೈಲ್‌ಗಳನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಅವುಗಳಲ್ಲಿ ಬ್ರೈಟ್‌ನೆಸ್ ತಾಪಮಾನ, ಅಂದರೆ ಬಂದ ಮೈಕ್ರೋವೇವ್ ಶಕ್ತಿಯನ್ನು ಕೆಲ್ವಿನ್‌ನಲ್ಲಿ ಹೇಳುವ ಅಳತೆ, ಆಗಲೇ ಲೆಕ್ಕ ಹಾಕಿ ಇಟ್ಟಿರುತ್ತದೆ. ಸುವೋಮಿ ಎನ್‌ಪಿಪಿ ಉಪಗ್ರಹದ ಎಟಿಎಂಎಸ್ ಮಾಪಕ ಬಳಸುವವರು ಟಿಡಿಆರ್, ಎಸ್‌ಡಿಆರ್ ಎಂಬ ಎರಡು ಬಗೆಯ ಫೈಲ್‌ಗಳನ್ನು ಬೆರೆಸಬೇಡಿ. ಮೊದಲನೆಯದು ಆಂಟೆನಾ ಕಂಡ ತಾಪಮಾನ. ಎರಡನೆಯದು ಆಂಟೆನಾದ ತಿದ್ದುಪಡಿ ಮುಗಿದ ಮೇಲಿನ ತಾಪಮಾನ.

ಮಳೆಗಾಲದಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಕೈ ಕೊಡುತ್ತವೆ. ಅರ್ಧ ಇಳಿದ ಫೈಲ್ ಕೂಡ ಕೆಲವೊಮ್ಮೆ ತೆರೆದುಕೊಳ್ಳುತ್ತದೆ, ಕೊನೆಯ ಸಾಲುಗಳಲ್ಲಿ ಮಾತ್ರ ಕಸ ಇರುತ್ತದೆ. ಪ್ರತಿ ಫೈಲ್‌ನ ಗಾತ್ರ ತಾಳೆ ನೋಡಿ. ಚೆಕ್‌ಸಮ್ ಕೊಟ್ಟಿದ್ದರೆ ಅದನ್ನೂ ನೋಡಿ.

1. ಯಾವ ಚಾನಲ್ ಎಲ್ಲಿಯ ಗಾಳಿ ನೋಡುತ್ತದೆ ಎಂದು ಗೊತ್ತುಮಾಡಿಕೊಳ್ಳಿ

ನೀರಾವಿ 183.31 ಗಿಗಾಹರ್ಟ್ಸ್‌ನಲ್ಲಿ ಮೈಕ್ರೋವೇವನ್ನು ಜೋರಾಗಿ ಹೀರುತ್ತದೆ. ಈ ಆವರ್ತನವೇ ಹೀರುವಿಕೆಯ ಗೆರೆ. ಮಾಪಕ ಅಳೆಯುವ ಒಂದೊಂದು ಆವರ್ತನ ಪಟ್ಟಿಯೇ ಚಾನಲ್. ಈ ಗೆರೆಯ ಹತ್ತಿರದ ಚಾನಲ್ ಮೇಲಿನ ಗಾಳಿಯನ್ನು ಮಾತ್ರ ನೋಡುತ್ತದೆ. ದೂರ ಹೋದಂತೆ ಕೆಳಗಿನ ಗಾಳಿ ಕಾಣುತ್ತದೆ. ಎಂಎಚ್‌ಎಸ್‌ನಲ್ಲಿ ಗೆರೆಯಿಂದ ±1 ಮತ್ತು ±3 ಗಿಗಾಹರ್ಟ್ಸ್ ದೂರದ ಎರಡು ಚಾನಲ್, 190.31ರಲ್ಲಿ ಒಂದು, ಜೊತೆಗೆ 89 ಮತ್ತು 157 ಗಿಗಾಹರ್ಟ್ಸ್ ಇವೆ. ಸಾಫಿರ್‌ನಲ್ಲಿ ಇದೇ ಗೆರೆಯ ಸುತ್ತ ಆರು ಚಾನಲ್: ±0.2, ±1.1, ±2.8, ±4.2, ±6.8, ±11.

ಒಂದು ಮಾತು ಗೋಡೆಗೆ ಅಂಟಿಸಿಕೊಳ್ಳಿ. ಈ ಚಾನಲ್‌ಗಳಲ್ಲಿ ತೇವಾಂಶ ಜಾಸ್ತಿ ಆದರೆ ಬ್ರೈಟ್‌ನೆಸ್ ತಾಪಮಾನ ಕಡಿಮೆ ಆಗುತ್ತದೆ. ಆವಿ ಹೆಚ್ಚಿದ್ದರೆ ಮಾಪಕಕ್ಕೆ ಇನ್ನೂ ಮೇಲಿನ, ಇನ್ನೂ ತಣ್ಣಗಿನ ಪದರ ಕಾಣುತ್ತದೆ. ಇದನ್ನು ಉಲ್ಟಾ ಹಿಡಿದವರು ಕೊನೆಯವರೆಗೂ ಉಲ್ಟಾ ತೀರ್ಮಾನವನ್ನೇ ಬರೆಯುತ್ತಾರೆ.

2. ಕೌಂಟ್‌ಗಳನ್ನು ಸರಿಯಾಗಿ ಓದಿ

ಎನ್‌ಒಎಎ 1ಬಿ ಫೈಲ್ ಬಿಗ್ ಎಂಡಿಯನ್ ಕ್ರಮದಲ್ಲಿರುತ್ತದೆ, ಅಂದರೆ ಸಂಖ್ಯೆಯ ದೊಡ್ಡ ಬೆಲೆಯ ಬೈಟ್ ಮೊದಲು. ನಮ್ಮ ಲ್ಯಾಪ್‌ಟಾಪ್‌ಗಳು ಲಿಟಲ್ ಎಂಡಿಯನ್. ಬೈಟ್ ಕ್ರಮ ಹೇಳದೆ ಓದಿದರೆ ಪಕ್ಕಪಕ್ಕದ ಪಿಕ್ಸೆಲ್‌ಗಳಲ್ಲಿ ಸಂಖ್ಯೆ ಹುಚ್ಚುಹುಚ್ಚಾಗಿ ಜಿಗಿಯುತ್ತದೆ.

ಇನ್ನೊಂದು ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕೌಂಟ್‌ಗಳನ್ನು ಸೈನ್ ಇಲ್ಲದ 16 ಬಿಟ್ ಸಂಖ್ಯೆಗಳಾಗಿ ಇಟ್ಟುಕೊಂಡು ಹಾಗೇ ಕಳೆದರೆ ನಂಪೈ ಋಣ ಸಂಖ್ಯೆ ಕೊಡುವುದಿಲ್ಲ. 33500ರಿಂದ 36000 ಕಳೆದರೆ −2500 ಬರಬೇಕು, ಬರುವುದು 63036. ಮುಂದೆ ತಾಪಮಾನ 1100 ಕೆಲ್ವಿನ್ ದಾಟುತ್ತದೆ. ಓದಿದ ತಕ್ಷಣ ಎಲ್ಲವನ್ನೂ ಫ್ಲೋಟ್‌ಗೆ ಬದಲಿಸಿ. ಆಮೇಲೆ ಲೆಕ್ಕಕ್ಕೆ ಕೈ ಹಾಕಿ.

3. ಬಿಸಿ ಟಾರ್ಗೆಟ್ ನೋಡಿ

ಅಡಿಕೆ ಮಂಡಿಯಲ್ಲಿ ತೂಕದ ಯಂತ್ರ ಸರಿ ಇದೆಯಾ ಎಂದು ನೋಡುವಾಗ ಮೊದಲು ಖಾಲಿ ತಟ್ಟೆ, ಆಮೇಲೆ ಗೊತ್ತಿರುವ ತೂಕ ಇಡುತ್ತಾರೆ ಅಲ್ವಾ? ಇಲ್ಲಿಯೂ ಎರಡು ಬಿಂದು. ಒಂದು, ಉಪಗ್ರಹದೊಳಗಿನ ಬಿಸಿ ಟಾರ್ಗೆಟ್. ಇನ್ನೊಂದು, 2.73 ಕೆಲ್ವಿನ್‌ನ ಖಾಲಿ ಆಕಾಶ. ಎಂಎಚ್‌ಎಸ್‌ನ ಕನ್ನಡಿ 8/3 ಸೆಕೆಂಡಿಗೆ ಒಂದು ಸುತ್ತು ಹಾಕುತ್ತದೆ. ಪ್ರತಿ ಸುತ್ತಿನಲ್ಲಿ, ಅಂದರೆ ಒಂದು ಸ್ಕ್ಯಾನ್‌ನಲ್ಲಿ, ಭೂಮಿಯ 90 ಪಿಕ್ಸೆಲ್, ಆಕಾಶದ 4 ಅಳತೆ, ಬಿಸಿ ಟಾರ್ಗೆಟ್‌ನ 4 ಅಳತೆ ಸಿಗುತ್ತವೆ.

ಬಿಸಿ ಟಾರ್ಗೆಟ್‌ನ ನಿಜವಾದ ತಾಪಮಾನ ಹೇಳುವುದು ಅದರೊಳಗೆ ಕೂರಿಸಿದ ಪ್ಲಾಟಿನಂ ತಾಪಮಾಪಕಗಳು. ಎಂಎಚ್‌ಎಸ್‌ನಲ್ಲಿ ಇವು 5. ಐದನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ. ಐದೂ ಒಟ್ಟಿಗೆ ನಿಧಾನವಾಗಿ ಏರಿ ಇಳಿದರೆ ಒಳ್ಳೆಯದು. ಒಂದು ಮಾತ್ರ ಬೇರೆ ದಾರಿ ಹಿಡಿದರೆ ಅದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಒಂದು ಸ್ಕ್ಯಾನ್‌ನಿಂದ ಮುಂದಿನದಕ್ಕೆ ಟಾರ್ಗೆಟ್ ಜಿಗಿಯಲು ಸಾಧ್ಯವೇ ಇಲ್ಲ. ಜಿಗಿದಿದೆ ಎಂದರೆ ಅದು ಡೇಟಾದ ದೋಷ.

ಎಚ್ಚರಿಕೆಯ ಗುರುತು: ಐದು ತಾಪಮಾಪಕಗಳ ನಡುವಿನ ಅಂತರ ಕಕ್ಷೆಯ ಒಂದೇ ಭಾಗದಲ್ಲಿ ಪ್ರತಿ ಸಲ ಹಿಗ್ಗುತ್ತಿದ್ದರೆ ಟಾರ್ಗೆಟ್‌ಗೆ ಬಿಸಿಲು ಬೀಳುತ್ತಿರಬಹುದು. ಆಗ ಮೇಲ್ಮೈಯ ಬಿಸಿ ಒಳಗಿನ ತಾಪಮಾಪಕಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ.

4. ಆಕಾಶದ ಕೌಂಟ್‌ನಲ್ಲಿ ಚಂದ್ರ ಇದ್ದಾನೆಯೇ ನೋಡಿ

ಜನ ಹೆಚ್ಚು ಸಲ ಹಾರಿ ಹೋಗುವ ಹಂತ ಇದು. ಆಕಾಶ ಖಾಲಿ ಎಂದುಕೊಂಡಿರುತ್ತೇವೆ, ಆದರೆ ಕೆಲವು ದಿನ ಆ ಕಡೆಗೆ ಚಂದ್ರ ಬರುತ್ತಾನೆ. ಎಂಎಚ್‌ಎಸ್‌ನ ಕಿರಣದ ಅಗಲ ಸುಮಾರು 1.1 ಡಿಗ್ರಿ. ಚಂದ್ರ ಅರ್ಧ ಡಿಗ್ರಿ. ಚಂದ್ರ ನಡುವಿಗೇ ಬಂದರೆ ಆಕಾಶದ ಅಳತೆ ಹತ್ತಾರು ಕೆಲ್ವಿನ್ ಏರಬಹುದು. ಲೆಕ್ಕ ಮಾತ್ರ ಇನ್ನೂ 2.73 ಎಂದೇ ನಂಬಿ ನಡೆಯುತ್ತದೆ, ಆ ಹೊತ್ತಿನ ಸ್ಕ್ಯಾನ್‌ಗಳ ತಾಪಮಾನವೆಲ್ಲ ತಪ್ಪುತ್ತದೆ.

ಆಕಾಶದ ನಾಲ್ಕೂ ಅಳತೆಗಳನ್ನು ಬೇರೆ ಬೇರೆ ಗೆರೆಯಾಗಿ ಬಿಡಿಸಿ. ಸರಾಸರಿ ತೆಗೆದ ಮೇಲೆ ನೋಡಿದರೆ ಏನೂ ತಿಳಿಯುವುದಿಲ್ಲ. ನಾಲ್ಕೂ ಸಮವಾಗಿ ಹೋಗುತ್ತಿದ್ದು, ಒಂದು ಕಡೆ ಒಂದರ ನಂತರ ಒಂದು ಗುಡ್ಡದಂತೆ ಏರಿ ಇಳಿದರೆ ಅದು ಚಂದ್ರನೇ. ನಾಲ್ಕರಲ್ಲಿ ಒಂದೋ ಎರಡೋ ಮಾತ್ರ ಕೆಟ್ಟಿದ್ದರೆ ಉಳಿದವನ್ನು ಬಳಸಿ. ನಾಲ್ಕೂ ಕೆಟ್ಟಿದ್ದರೆ ಆ ಸ್ಕ್ಯಾನ್‌ಗಳನ್ನು ಗುರುತು ಹಾಕಿ ಬಿಟ್ಟುಬಿಡಿ. ಎರಡು ಕಡೆಯಿಂದ ಗೆರೆ ಎಳೆದು ನಡುವೆ ತುಂಬುವುದು ನನಗೆ ಒಪ್ಪಿಗೆಯಿಲ್ಲ. ಅಷ್ಟರಲ್ಲಿ ಗೇನ್, ಅಂದರೆ ಒಂದು ಕೆಲ್ವಿನ್‌ಗೆ ಎಷ್ಟು ಕೌಂಟ್ ಎಂಬುದು, ಬದಲಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

5. ಸರಾಸರಿ ತೆಗೆಯಿರಿ, ಆದರೆ ತಪ್ಪಿಹೋದ ಸ್ಕ್ಯಾನ್‌ಗಳನ್ನು ದಾಟಿ ಬೇಡ

ಒಂದೇ ಸ್ಕ್ಯಾನ್‌ನ ನಾಲ್ಕು ಅಳತೆಯಲ್ಲಿ ನಾಯ್ಸ್, ಅಂದರೆ ಮಾಪಕದ್ದೇ ಗೊತ್ತುಗುರಿಯಿಲ್ಲದ ಏರುಪೇರು, ಜಾಸ್ತಿ. ಹಾಗಾಗಿ ಹಿಂದಿನ ಮೂರು, ಮುಂದಿನ ಮೂರು ಸ್ಕ್ಯಾನ್ ಸೇರಿಸಿ ಏಳರ ಸರಾಸರಿ ತೆಗೆಯುವುದು ವಾಡಿಕೆ. ತೂಕ 1, 2, 3, 4, 3, 2, 1. ಒಟ್ಟು 16ರಿಂದ ಭಾಗಿಸಿ. ಇದು ಸುಮಾರು 19 ಸೆಕೆಂಡಿನ ಡೇಟಾ.

ನಡುವೆ ಸ್ಕ್ಯಾನ್ ತಪ್ಪಿಹೋಗಿದ್ದರೆ ಕೋಡ್ ಅದನ್ನು ಗಮನಿಸದೆ ಐದು ನಿಮಿಷ ಹಿಂದಿನದನ್ನೂ ಪಕ್ಕದ ಸ್ಕ್ಯಾನ್ ಎಂದುಕೊಳ್ಳುತ್ತದೆ. ಸಮಯ ನೋಡಿ ಸೇರಿಸಿ, ಸಾಲಿನ ಸಂಖ್ಯೆ ನೋಡಿ ಅಲ್ಲ.

6. ಕೌಂಟನ್ನು ತಾಪಮಾನಕ್ಕೆ ಬದಲಿಸಿ

ಲೆಕ್ಕ ಸರಳ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಿಸಿ ಟಾರ್ಗೆಟ್ 285 ಕೆಲ್ವಿನ್, ಅದರ ಕೌಂಟ್ 36000, ಆಕಾಶದ ಕೌಂಟ್ 16000, ಭೂಮಿಯ ಪಿಕ್ಸೆಲ್‌ನ ಕೌಂಟ್ 33500 ಎಂದಿರಲಿ.

ಇಲ್ಲೊಂದು ಗುಂಡಿ ಇದೆ. ಮಾಪಕ ಅಳೆಯುವುದು ಶಕ್ತಿಯನ್ನು. ಈ ಆವರ್ತನದಲ್ಲಿ ಶಕ್ತಿ ಮತ್ತು ತಾಪಮಾನದ ಸಂಬಂಧ ತಣ್ಣಗಿನ ತುದಿಯಲ್ಲಿ ನೇರ ಗೆರೆಯಲ್ಲ. ಪ್ಲಾಂಕ್ ಸೂತ್ರದಿಂದ ಲೆಕ್ಕ ಹಾಕಿದರೆ, ನೇರ ಗೆರೆಯ ಲೆಕ್ಕದಲ್ಲಿ ಆಕಾಶಕ್ಕೆ ಕೊಡಬೇಕಾದ ತಾಪಮಾನ 2.73 ಅಲ್ಲ, ಸುಮಾರು 4.76 ಕೆಲ್ವಿನ್. ಬಿಸಿ ತುದಿಯಲ್ಲಿ ವ್ಯತ್ಯಾಸ ಏನೂ ಇಲ್ಲವೆನ್ನುವಷ್ಟು ಕಡಿಮೆ.

ಈಗ ಲೆಕ್ಕ ಹಾಕಿ. 285ರಿಂದ 4.76 ಕಳೆದರೆ 280.24. ಕೌಂಟ್‌ಗಳ ಅಂತರ 20000. ಒಂದು ಕೆಲ್ವಿನ್‌ಗೆ ಸುಮಾರು 71.4 ಕೌಂಟ್. ಇದೇ ಗೇನ್. ಪಿಕ್ಸೆಲ್ ಬಿಸಿ ಟಾರ್ಗೆಟ್‌ಗಿಂತ 2500 ಕೌಂಟ್ ಕೆಳಗಿದೆ, ಅಂದರೆ 35.03 ಕೆಲ್ವಿನ್ ಕೆಳಗೆ. ಉತ್ತರ 249.97 ಕೆಲ್ವಿನ್. 2.73 ಹಾಕಿದ್ದರೆ 249.72 ಬರುತ್ತಿತ್ತು. ಕಾಲು ಕೆಲ್ವಿನ್ ಸಣ್ಣದು ಅನ್ನಿಸಬಹುದು. ಆದರೆ ಎರಡು ಉಪಗ್ರಹ ಹೋಲಿಸುವಾಗ ನಾವು ಹುಡುಕುವುದೇ ಅಷ್ಟು ದೊಡ್ಡ ವ್ಯತ್ಯಾಸವನ್ನು.

ಸುರಕ್ಷಿತ ದಾರಿ ಎಂದರೆ ಎಲ್ಲವನ್ನೂ ಪ್ಲಾಂಕ್ ಸೂತ್ರದಿಂದ ಶಕ್ತಿಗೆ ಬದಲಿಸಿ, ಅಲ್ಲಿ ನೇರ ಗೆರೆ ಎಳೆದು, ಕೊನೆಗೆ ಮತ್ತೆ ತಾಪಮಾನಕ್ಕೆ ತರುವುದು. ಆಕಾಶ ನೋಡುವಾಗ ಆಂಟೆನಾದ ಅಂಚಿನಿಂದ ಭೂಮಿಯ, ಉಪಗ್ರಹದ ಮೈಯ ಶಾಖವೂ ಸ್ವಲ್ಪ ಒಳಗೆ ಬರುತ್ತದೆ. ಅದರ ತಿದ್ದುಪಡಿ ಆಯಾ ಮಾಪಕದ ಗುಣಾಂಕಗಳಲ್ಲಿ ಕೊಟ್ಟಿರುತ್ತಾರೆ. ಒಂದು ಉಪಗ್ರಹದ ಗುಣಾಂಕ ಇನ್ನೊಂದಕ್ಕೆ ಹಾಕಬೇಡಿ.

ಆಮೇಲೆ ನಾನ್‌ಲೀನಿಯರ್ ತಿದ್ದುಪಡಿ, ಅಂದರೆ ಕೌಂಟ್ ಮತ್ತು ಶಕ್ತಿಯ ಸಂಬಂಧ ನೇರ ಗೆರೆಯಿಂದ ಸ್ವಲ್ಪ ಬಾಗುವುದಕ್ಕೆ ಹಾಕುವ ತಿದ್ದುಪಡಿ. ಹಾರಿಸುವ ಮುಂಚೆ ನಿರ್ವಾತ ಕೋಣೆಯಲ್ಲಿ ಬೇರೆ ಬೇರೆ ತಾಪಮಾನದಲ್ಲಿ ಮಾಪಕವನ್ನು ಪರೀಕ್ಷಿಸಿ ಇದರ ಗುಣಾಂಕ ತೆಗೆದಿರುತ್ತಾರೆ. ಎರಡು ತುದಿಯಲ್ಲಿ ಇದು ಸೊನ್ನೆ, ನಡುವೆ, ಅಂದರೆ 145 ಕೆಲ್ವಿನ್ ಸುಮಾರಿಗೆ, ಅತಿ ಹೆಚ್ಚು. ನಮ್ಮ ಕಡೆ ಮೋಡವಿಲ್ಲದಾಗ ಪಿಕ್ಸೆಲ್‌ನ ತಾಪಮಾನ 240ರಿಂದ 285ರೊಳಗೆ ಇರುವುದರಿಂದ ಪರಿಣಾಮ ಕಡಿಮೆ. ಏಪ್ರಿಲ್, ಮೇ ತಿಂಗಳ ಗುಡುಗು ಮೋಡದ ಮೇಲೆ ತಾಪಮಾನ ತುಂಬಾ ಇಳಿದಾಗ ಇದು ಲೆಕ್ಕಕ್ಕೆ ಬರುತ್ತದೆ.

7. ನಾಯ್ಸ್ ಮತ್ತು ಗೇನ್‌ನ ದಿನಚರಿ ಬರೆಯಿರಿ

ಬಿಸಿ ಟಾರ್ಗೆಟ್‌ನ ಕೌಂಟ್‌ಗಳ ಏರುಪೇರನ್ನು ಗೇನ್‌ನಿಂದ ಭಾಗಿಸಿದರೆ ನಾಯ್ಸ್ ಕೆಲ್ವಿನ್‌ನಲ್ಲಿ ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ ಏರುಪೇರು 30 ಕೌಂಟ್ ಇದ್ದರೆ ನಾಯ್ಸ್ 0.42 ಕೆಲ್ವಿನ್. ಗೆರೆಯ ಹತ್ತಿರದ ಚಾನಲ್‌ಗೆ ಕಿರಿದಾದ ಪಟ್ಟಿ ಇರುವುದರಿಂದ ನಾಯ್ಸ್ ಜಾಸ್ತಿ ಇರುವುದು ಸಹಜ. ಸಾಫಿರ್‌ನ ±0.2 ಚಾನಲ್‌ನ ಪಟ್ಟಿ 200 ಮೆಗಾಹರ್ಟ್ಸ್, ±11ರದ್ದು 2000. ಮೊದಲನೆಯದರಲ್ಲಿ ನಾಯ್ಸ್ ಹೆಚ್ಚಿದೆ ಎಂದು ಅದನ್ನು ಕೆಟ್ಟಿದೆ ಎನ್ನಬೇಡಿ. ಹೋಲಿಸಬೇಕಾದದ್ದು ಅದೇ ಚಾನಲ್‌ನ ಹಿಂದಿನ ತಿಂಗಳ ಅಂಕಿಯ ಜೊತೆ.

ಗೇನ್ ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತಿದ್ದರೆ ಹೆದರಬೇಕಿಲ್ಲ. ಎರಡು ಬಿಂದುವಿನ ಲೆಕ್ಕ ಅದನ್ನು ಪ್ರತಿ ಸ್ಕ್ಯಾನ್‌ನಲ್ಲೂ ಸರಿದೂಗಿಸುತ್ತದೆ. ಒಂದೇ ದಿನ ಮೆಟ್ಟಿಲಿನಂತೆ ಇಳಿದರೆ, ಅಥವಾ ಉಪಗ್ರಹದ ರೇಡಿಯೋ ಟ್ರಾನ್ಸ್‌ಮಿಟರ್ ಆನ್ ಆದಾಗಲೆಲ್ಲ ಕೌಂಟ್ ಕದಲಿದರೆ ನಿಲ್ಲಿಸಿ ನೋಡಿ. ಎನ್‌ಒಎಎ-15ರ ಎಎಂಎಸ್‌ಯು-ಬಿ ಮಾಪಕಕ್ಕೆ ಇಂಥ ರೇಡಿಯೋ ಅಡಚಣೆ ಇತ್ತು. ಅದಕ್ಕೆ ಪಿಕ್ಸೆಲ್ ಸ್ಥಾನದ ಪ್ರಕಾರ ತಿದ್ದುಪಡಿ ಹಾಕಬೇಕಾಯಿತು.

8. ಸ್ಕ್ಯಾನ್‌ನ ಎಡಬಲ ನೋಡಿ

ಅಂಚಿನ ಪಿಕ್ಸೆಲ್‌ಗಳು ತಣ್ಣಗೆ ಕಾಣುವುದು ದೋಷವಲ್ಲ. ಓರೆಯಾಗಿ ನೋಡುವಾಗ ಗಾಳಿಯ ದಾರಿ ಉದ್ದ, ಆವಿ ಜಾಸ್ತಿ. ದೋಷ ಇರುವುದು ಎಡ ಮತ್ತು ಬಲ ಅಂಚುಗಳು ಸಮವಾಗಿ ಇಲ್ಲದಿದ್ದಾಗ. ಇದನ್ನು ಘಟ್ಟದ ಮೇಲೆ ನೋಡಬೇಡಿ. ಇಲ್ಲಿ ಒಂದು ಕಡೆ ಕರಾವಳಿ, ಇನ್ನೊಂದು ಕಡೆ ಬಯಲುಸೀಮೆ, ಗಾಳಿಯೇ ಸಮವಾಗಿಲ್ಲ. ಅರಬ್ಬಿ ಸಮುದ್ರದ ಮೇಲೆ ಹಲವು ವಾರಗಳ ಸರಾಸರಿ ತೆಗೆದು ನೋಡಿ. 2012ರಲ್ಲಿ ಸುವೋಮಿ ಎನ್‌ಪಿಪಿ ಉಪಗ್ರಹವನ್ನೇ ತಿರುಗಿಸಿ, ಎಟಿಎಂಎಸ್ ಮಾಪಕ ಭೂಮಿಯ ಬದಲು ಖಾಲಿ ಆಕಾಶವನ್ನು ಸ್ಕ್ಯಾನ್ ಮಾಡುವಂತೆ ಮಾಡಿದ್ದು ಇದೇ ದೋಷವನ್ನು ಅಳೆಯಲು.

9. ಈಗ ಮಲೆನಾಡಿನ ಮೇಲೆ ಹೋಲಿಸಿ

ಇಲ್ಲಿಯವರೆಗೆ ಬಂದವರಿಗೆ ಮಾತ್ರ ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಇಲ್ಲಿ ನಮ್ಮ ಊರಿನ ತೊಂದರೆಗಳು ಒಂದೆರಡಲ್ಲ.

ಮೊದಲನೆಯದು ಬಲೂನು. ಶಿವಮೊಗ್ಗದಲ್ಲಿ ಬಲೂನು ಬಿಡುವ ಕೇಂದ್ರ ಇಲ್ಲ. ಹತ್ತಿರದ್ದು ಮಂಗಳೂರು, ನೇರ ದೂರವೇ ನೂರು ಕಿಲೋಮೀಟರಿಗಿಂತ ಜಾಸ್ತಿ. ನಡುವೆ ಘಟ್ಟದ ಗೋಡೆ ಇದೆ. ಮಂಗಳೂರಿನ ಬಲೂನನ್ನು ಆಗುಂಬೆಯ ಪಿಕ್ಸೆಲ್‌ಗೆ ತಾಳೆ ಹಾಕಬೇಡಿ. ಬಲೂನಿನ ಹೋಲಿಕೆಯನ್ನು ಮಂಗಳೂರಿನ ಹತ್ತಿರದ ಸಮುದ್ರದ ಮೇಲೆ ಮಾಡಿ.

ಎರಡನೆಯದು ಸಮಯ. ಬಲೂನು ಬೆಳಿಗ್ಗೆ ಮತ್ತು ಸಂಜೆ 5:30ರ ಲೆಕ್ಕದ್ದು. ಮೆಟಾಪ್ ಬರುವುದು ಬೆಳಿಗ್ಗೆ, ರಾತ್ರಿ 9:30ರ ಸುಮಾರಿಗೆ. ಎಟಿಎಂಎಸ್ ಇರುವ ಸುವೋಮಿ ಎನ್‌ಪಿಪಿ 1:30ರ ಸುಮಾರಿಗೆ. ಮಳೆಗಾಲದಲ್ಲಿ ನಾಲ್ಕು ಗಂಟೆಯಲ್ಲಿ ಆಕಾಶವೇ ಬದಲಾಗುತ್ತದೆ. ಮೇಘಾ-ಟ್ರಾಪಿಕ್ಸ್‌ನ ಕಕ್ಷೆ ಸಮಭಾಜಕಕ್ಕೆ 20 ಡಿಗ್ರಿ ಓರೆಯಾಗಿತ್ತು. ಅದು ದಿನದ ಬೇರೆ ಬೇರೆ ಹೊತ್ತಿಗೆ ನಮ್ಮ ಮೇಲೆ ಹಾದುಹೋಗುತ್ತಿತ್ತು. ಹಾಗಾಗಿ 2011ರ ಅಕ್ಟೋಬರ್‌ನಲ್ಲಿ ಹಾರಿದ ಆ ಉಪಗ್ರಹದ ಹಳೆಯ ಡೇಟಾದಲ್ಲಿ 5:30ಕ್ಕೆ ಹೊಂದುವ ಹಾದಿಗಳು ಸಿಗುತ್ತವೆ. ಬೆಳಗಿನ ಬಲೂನನ್ನೇ ಆರಿಸಿ. ಸಂಜೆಯದ್ದಕ್ಕೆ ಬಿಸಿಲು ತಾಗಿ ಸೆನ್ಸಾರ್ ಕಾದು, ಗಾಳಿ ಇರುವುದಕ್ಕಿಂತ ಒಣಗಿದೆ ಎಂದು ತೋರಿಸಬಹುದು.

ಅಳತೆಗಳನ್ನು ಹವಾಮಾನ ಮಾಡೆಲ್‌ಗೆ ಬೆರೆಸಿ ತಯಾರಿಸಿದ ಇಆರ್‌ಎ5 ಡೇಟಾ ಬಳಸೋಣ, ಪ್ರತಿ ಗಂಟೆಗೂ ಸಿಗುತ್ತದೆ ಎಂದು ಹಲವರು ಕೇಳುತ್ತಾರೆ. ಬಳಸಬಹುದು. ಆದರೆ ಈ ಮೈಕ್ರೋವೇವ್ ಮಾಪಕಗಳ ಡೇಟಾವನ್ನೇ ನುಂಗಿ ತಯಾರಾದದ್ದು ಇಆರ್‌ಎ5. ಅದನ್ನು ಸ್ವತಂತ್ರ ಸಾಕ್ಷಿ ಎಂದು ವರದಿಯಲ್ಲಿ ಬರೆಯಬೇಡಿ.

ಮೂರನೆಯದು ಮೋಡ. ಗುಡುಗು ಮೋಡದ ಮೇಲ್ಭಾಗದ ಮಂಜುಗಡ್ಡೆ ಮೈಕ್ರೋವೇವನ್ನು ಚದುರಿಸಿ ತಾಪಮಾನ ಇಳಿಸುತ್ತದೆ, ನೋಡಲು ತೇವಾಂಶ ಜಾಸ್ತಿಯಾದಂತೆಯೇ. ಮೋಡವಿಲ್ಲದಾಗ ±3 ಚಾನಲ್ ±1ಕ್ಕಿಂತ ಬಿಸಿ. ಇದು ಉಲ್ಟಾ ಆದರೆ, ಅಥವಾ ನೇರ ಕೆಳಗೆ ನೋಡುವ ಪಿಕ್ಸೆಲ್‌ನಲ್ಲಿ ±1 ಚಾನಲ್ ಸುಮಾರು 240 ಕೆಲ್ವಿನ್‌ಗಿಂತ ಕೆಳಗೆ ಹೋದರೆ ಆ ಪಿಕ್ಸೆಲ್ ಬಿಟ್ಟುಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಘಟ್ಟದ ಮೋಡ ಎಷ್ಟೋ ಸಲ ತಗ್ಗಿನದ್ದು, ಮಂಜುಗಡ್ಡೆ ಕಡಿಮೆ. ಈ ಪರೀಕ್ಷೆಯಲ್ಲಿ ಅದು ಸಿಕ್ಕಿಬೀಳುವುದಿಲ್ಲ, ಗೆರೆಯಿಂದ ದೂರದ ಚಾನಲ್‌ಗಳನ್ನು ಮಾತ್ರ ಕೆಡಿಸುತ್ತದೆ. ಆದ್ದರಿಂದ ಮಲೆನಾಡಿನ ಮೇಲೆ ಹೋಲಿಕೆಗೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ಚಳಿಗಾಲದಲ್ಲಿ ಗಾಳಿ ಒಣಗಿದಾಗ ಗೆರೆಯಿಂದ ದೂರದ ಚಾನಲ್‌ಗೆ ನೆಲವೂ ಸ್ವಲ್ಪ ಕಾಣಬಹುದು. ಲಿಂಗನಮಕ್ಕಿಯ ಹಿನ್ನೀರು ಮತ್ತು ಅದರ ಸುತ್ತಲ ಕಾಡು ಮೈಕ್ರೋವೇವ್‌ನಲ್ಲಿ ತುಂಬಾ ಬೇರೆ. ಸುಮಾರು 16 ಕಿಲೋಮೀಟರಿನ ಎಂಎಚ್‌ಎಸ್ ಪಿಕ್ಸೆಲ್ ಒಂದರಲ್ಲಿ ಆಗುಂಬೆಯ ಮೇಲುಭಾಗವೂ ಸೋಮೇಶ್ವರದ ತಗ್ಗೂ ಸೇರಿಹೋಗುತ್ತವೆ. ಮಲೆನಾಡಿನ ಮೇಲೆ ±1 ಮತ್ತು ±3ನ್ನು ನಂಬಿ. ಉಳಿದದ್ದನ್ನು ಸಮುದ್ರದ ಮೇಲೆ ನೋಡಿ. ಆರ್‌ಟಿಟಿಒವಿಗೆ ನೆಲದ ಒತ್ತಡ ಕೊಡುವಾಗ 1013 ಎಂದು ಸುಮ್ನೆ ಹಾಕಬೇಡಿ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ. ಅಲ್ಲಿ ಒತ್ತಡ 945 ಹೆಕ್ಟೊಪ್ಯಾಸ್ಕಲ್ ಆಸುಪಾಸು.

10. ವ್ಯತ್ಯಾಸದ ಮೂಲ ಹುಡುಕಿ

ಅಳತೆಯಿಂದ ಮಾಡೆಲ್ ಲೆಕ್ಕ ಕಳೆದು ಬಂದ ವ್ಯತ್ಯಾಸದ ಒಂದೇ ಸರಾಸರಿ ಹೇಳಿ ಮುಗಿಸಬೇಡಿ. ಅದನ್ನು ಬಿಡಿಸಿ ನೋಡಿ. ಪಿಕ್ಸೆಲ್ ಸ್ಥಾನದ ಜೊತೆ ಬದಲಾದರೆ ಆಂಟೆನಾ ಕಡೆ ನೋಡಿ. ಕಕ್ಷೆಯ ಭಾಗದ ಜೊತೆ ಬದಲಾದರೆ ಬಿಸಿ ಟಾರ್ಗೆಟ್. ದೃಶ್ಯದ ತಾಪಮಾನದ ಜೊತೆ ಬದಲಾದರೆ ನಾನ್‌ಲೀನಿಯರ್ ಗುಣಾಂಕ ಅಥವಾ ಆಕಾಶದ ಬಿಂದು.

ಗೆರೆಯ ಹತ್ತಿರದಿಂದ ದೂರಕ್ಕೆ ಹೋದಂತೆ ವ್ಯತ್ಯಾಸ ಬೆಳೆಯುತ್ತಾ ಹೋದರೆ ಮಾತ್ರ ಆತುರ ಬೇಡ. ಸಾಫಿರ್, ಎಂಎಚ್‌ಎಸ್, ಎಟಿಎಂಎಸ್ ಮೂರರಲ್ಲೂ ಇದೇ ನಮೂನೆ ಕಂಡಿದೆ. ಬೇರೆ ಬೇರೆ ಕಡೆ ತಯಾರಾದ ಮಾಪಕಗಳು ಒಂದೇ ರೀತಿ ತಪ್ಪುವುದು ಕಷ್ಟ. ಹೀರುವಿಕೆಯ ಲೆಕ್ಕ, ಬಲೂನು, ಮೋಡ ಇವುಗಳ ಕಡೆಗೂ ನೋಡಬೇಕಾಗುತ್ತದೆ.

ಇದಕ್ಕೆ ಒಳ್ಳೆಯ ಉಪಾಯ ಎರಡು ಉಪಗ್ರಹದ ವ್ಯತ್ಯಾಸಗಳ ನಡುವಿನ ವ್ಯತ್ಯಾಸ ತೆಗೆಯುವುದು. ಎರಡಕ್ಕೂ ಒಂದೇ ಮಾಡೆಲ್ ಬಳಸಿದರೆ ಮಾಡೆಲ್‌ನ ತಪ್ಪು ಬಹುಪಾಲು ಕಳೆದುಹೋಗುತ್ತದೆ. ಧ್ರುವ ಕಕ್ಷೆಯ ಉಪಗ್ರಹಗಳು ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಸೇರುವುದು ಹೆಚ್ಚಾಗಿ ಧ್ರುವಗಳ ಹತ್ತಿರ. ಅಲ್ಲಿಯ ತಣ್ಣಗಿನ ಒಣ ಗಾಳಿ ನಮ್ಮ ಕಡೆಯದ್ದಕ್ಕೆ ಹೊಂದುವುದಿಲ್ಲ. ಮೇಘಾ-ಟ್ರಾಪಿಕ್ಸ್ ಇವುಗಳನ್ನು ಉಷ್ಣವಲಯದಲ್ಲೇ ಸಂಧಿಸುತ್ತಿತ್ತು. ಸಾಫಿರ್‌ನ ಹಳೆಯ ಡೇಟಾಗೆ ಈಗಲೂ ಬೆಲೆ ಇರುವುದು ಇದಕ್ಕೇ. ಸಮಯದ ಅಂತರ 5 ನಿಮಿಷದೊಳಗೆ ಇಟ್ಟುಕೊಳ್ಳಿ. ಸಾಫಿರ್‌ನ ±1.1 ಮತ್ತು ಎಂಎಚ್‌ಎಸ್‌ನ ±1 ಒಂದೇ ಚಾನಲ್ ಅಲ್ಲ, ಹಾಗಾಗಿ ಎರಡನ್ನೂ ಬೇರೆಯಾಗಿ ಮಾಡೆಲ್‌ನಲ್ಲಿ ಲೆಕ್ಕ ಹಾಕಿ.

11. ಕೊನೆಗೆ ತೇವಾಂಶ

±1 ಚಾನಲ್‌ನಿಂದ ಮೇಲಿನ ಗಾಳಿಯ ಸಾಪೇಕ್ಷ ತೇವಾಂಶ ತೆಗೆಯುವ ವಾಡಿಕೆಯ ಸೂತ್ರದಲ್ಲಿ, ತೇವಾಂಶದ ಲಾಗ್ ತಾಪಮಾನದ ಜೊತೆ ನೇರ ಗೆರೆಯಲ್ಲಿ ಇಳಿಯುತ್ತದೆ. ಒಂದು ಕೆಲ್ವಿನ್ ತಪ್ಪಿದರೆ ತೇವಾಂಶ ತನ್ನ ಬೆಲೆಯ ಸುಮಾರು ಶೇ 7ರಷ್ಟು ತಪ್ಪುತ್ತದೆ. ಶೇ 40 ಇರಬೇಕಾದದ್ದು ಶೇ 37 ಆಗುತ್ತದೆ. 6ನೇ ಹಂತದ ಆ ಕಾಲು ಕೆಲ್ವಿನ್‌ಗೂ ಇಲ್ಲಿ ಬೆಲೆ ಇದೆ. ಸೂತ್ರದ ಗುಣಾಂಕಗಳು ನೋಡುವ ಕೋನದ ಪ್ರಕಾರ ಬದಲಾಗುತ್ತವೆ. ಅಂಚಿನ ಪಿಕ್ಸೆಲ್‌ಗೆ ನಡುವಿನ ಗುಣಾಂಕ ಹಾಕಬೇಡಿ.

ಬಂದ ಉತ್ತರ ಸುಮಾರು 500ರಿಂದ 200 ಹೆಕ್ಟೊಪ್ಯಾಸ್ಕಲ್ ನಡುವಿನ ಗಾಳಿಯದ್ದು, ಆರು ಕಿಲೋಮೀಟರಿನಿಂದ ಮೇಲಿನದ್ದು. ಜುಲೈನಲ್ಲಿ ಆಗುಂಬೆಯ ನೆಲದ ಮಾಪಕ ನೂರರ ಹತ್ತಿರ ತೋರಿಸುತ್ತಿರುವಾಗಲೇ ಆ ಎತ್ತರದಲ್ಲಿ ಗಾಳಿ ಒಣಗಿರಬಹುದು. ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಿ ಕ್ಯಾಲಿಬ್ರೇಶನ್ ಬಗ್ಗೆ ಏನನ್ನೂ ಹೇಳಬೇಡಿ. ಗ್ರಾಫ್‌ನ ಕೆಳಗೆ ಉಪಗ್ರಹದ ಹೆಸರು, ಚಾನಲ್, ಬಿಟ್ಟ ಸ್ಕ್ಯಾನ್‌ಗಳ ಕಾರಣ, ಆ ತಿಂಗಳ ನಾಯ್ಸ್ ಇಷ್ಟನ್ನೂ ಬರೆದಿಡಿ. ಮುಂದಿನ ವರ್ಷ ಇದೇ ಕೆಲಸಕ್ಕೆ ಕೂರುವವರು ಅಲ್ಲಿಂದಲೇ ಮುಂದುವರಿಸಬಹುದು.